ಒರತೆ ಅಂತ ಇಡೋದಾ?

"ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ" ಎಂದು ಹೇಳಿ ಎಕ್ಸ್‌ರೇ ಕೋಣೆಯ ಗಾಜಿನ ಕಿಂಡಿಯ ಹಿಂದೆ ಬಂದು ಗುಂಡಿ ಒತ್ತಿದವನು "ಬಿಡಿ" ಎನ್ನುವುದನ್ನು ಮರೆತುಬಿಟ್ಟ. ಹದಿನಾಲ್ಕು ವರ್ಷದಲ್ಲಿ ಹೀಗಾದದ್ದು ಮೊದಲ ಸಲ. ಎದೆಯನ್ನು ಹಲಗೆಗೆ ಒತ್ತಿಕೊಂಡು ಗದ್ದ ಮೇಲೆತ್ತಿ ನಿಂತಿದ್ದ ಹೆಂಗಸು ಪಾಪ, ಹೇಳಿದ ಮಾತು ಕೇಳುವ ಪೈಕಿ, ಮುಖ ಕೆಂಪಗಾಗುವವರೆಗೂ ತಡೆದುಕೊಂಡು ಕೊನೆಗೆ ಹಲ್ಲು ಕಚ್ಚಿಕೊಂಡೇ "ಬಿಡ್ಲಾ?" ಎಂದಳು. ಅವನು ಓಡಿಬಂದು "ಬಿಡಿ, ಬಿಡಿ, ಆಗಲೇ ಆಯ್ತು" ಎಂದ. ಅವಳು ದೊಡ್ಡದಾಗಿ ಉಸಿರು ಬಿಟ್ಟು, "ನಿಮ್ಮ ಮನಸ್ಸು ಇಲ್ಲಿಲ್ಲ ಬಿಡಿ" ಎಂದು ನಕ್ಕು ಸೆರಗು ಸರಿಮಾಡಿಕೊಂಡಳು. ನಕ್ಕದ್ದಕ್ಕೆ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಅವಳು ಹೇಳಿದ್ದು ನಿಜವೇ ಆಗಿತ್ತು. ಮನಸ್ಸು ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿದ್ದ ಅರ್ಜಿಯಲ್ಲಿತ್ತು. ಅದರಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಹೊತ್ತು, ತೂಕ ಎಲ್ಲವನ್ನೂ ಅವನು ತನ್ನ ದುಂಡು ಅಕ್ಷರದಲ್ಲಿ ತುಂಬಿದ್ದ. ಮಗುವಿನ ಹೆಸರು ಎಂದಿದ್ದ ಕಡೆ ಮಾತ್ರ ಒಂದು ಗೆರೆ ಖಾಲಿ ಉಳಿದಿತ್ತು. ಸಂಜೆ ಐದಕ್ಕೆ ನೋಂದಣಿ ಕಚೇರಿಯ ಕಿಟಕಿ ಮುಚ್ಚುತ್ತದೆ. ಇವತ್ತು ತಪ್ಪಿದರೆ ಇನ್ನೊಂದು ಅರ್ಜಿ, ಇಬ್ಬರು ಸಾಕ್ಷಿ, ತಡವಾದದ್ದಕ್ಕೆ ಕಾರಣ. ಕಾರಣ ಎಂಬ ಜಾಗದಲ್ಲಿ ಏನಂತ ಬರೆಯುವುದು? ಹೆದರಿಕೆ ಎಂದೇ?

ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಹೆಂಡತಿ ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತ ಬಂದು ನಿಂತಿದ್ದಳು. "ನೀನೇ ಬರಿ," ಎಂದಳು. "ಯಾವ್ದು ಬರೆದ್ರೂ ನಾನು ಜಗಳ ಆಡಲ್ಲ." ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಜಗಳವಾಡಬೇಕಾದಲ್ಲಿ ಮೊದಲನೇ ಹೆಜ್ಜೆ, ಎರಡನೇ ಹೆಜ್ಜೆ ಎಂದು ಬಿಡಿಸಿ ಬಿಡಿಸಿ ಆಡುವವಳು. ಅಂಥವಳು ಆಡುವುದಿಲ್ಲ ಎಂದಾಗ ಅವನು ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ್ದ. ಅಡುಗೆಮನೆಯಿಂದ ಅಮ್ಮ ಕೇಳಿಸಲಿ ಎಂದೇ ಹೇಳಿದಳು: "ಪಕ್ಕದ ಮನೆಯವ್ರು ನಿನ್ನೇನೂ ಕೇಳಿದ್ರು. ಇನ್ನೂ ಇಟ್ಟಿಲ್ಲ ಅಂದೆ. ಏನಂತ ಹೇಳ್ಲಿ? ಒರತೆ ಅಂತ ಇಡೋದಾ, ಎಲ್ಲಾದ್ರೂ ಉಂಟಾ? ನಾಳೆ ಸ್ಕೂಲಿಗೆ ಹೋದ್ರೆ ಮಕ್ಕಳು ಒರತೆ ಕೊರತೆ ಅಂತ ಹಾಡು ಕಟ್ತಾರೆ." ಅಮ್ಮ ತನ್ನದೊಂದು ಹೆಸರು ಆರಿಸಿಟ್ಟಿದ್ದಳು. ಚೆಂದದ್ದು, ಮೂರಕ್ಷರದ್ದು, ಯಾವ ಬೀದಿಯಲ್ಲಿ ನಿಂತು ಕೂಗಿದರೂ ಇಬ್ಬರು ಮಕ್ಕಳು ಓ ಎನ್ನುವಂಥದ್ದು. ಬಾಗಿಲು ತೆರೆಯುವಾಗ ಹೆಂಡತಿ ಮೆಲ್ಲಗೆ, ಮಗುವಿಗೆ ಹೇಳುವಂತೆ, "ನಿಮ್ಮಪ್ಪಂಗೆ ಚಿಂತೆ ನಿನ್ನ ಹೆಸರಿಂದಲ್ಲ ಕಣೇ, ಕರೆಯೋವಾಗ ಜನ ತಿರುಗಿ ನೋಡ್ತಾರಲ್ಲ, ಅದು" ಎಂದಿದ್ದಳು.

ಒರತೆ ಎಂಬ ಹೆಸರಿಗೆ ಮೊದಲು ಹೂಂ ಎಂದವನು ತಾನೇ ಎಂಬುದನ್ನು ಅವಳು ಒಮ್ಮೆಯೂ ಎತ್ತಿ ಆಡಿರಲಿಲ್ಲ. ಹೆರಿಗೆಯಾಗಿ ಮೂರನೆಯ ದಿನ. ಹಾಲು ಬಂದಿರಲಿಲ್ಲ. ಮಗು ಅತ್ತು ಅತ್ತು ಗಂಟಲು ಕಟ್ಟಿ ಬೆಕ್ಕಿನ ಮರಿಯ ಹಾಗೆ ಕೀರಲು ದನಿ ತೆಗೆಯುತ್ತಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಭುಜ ಅಲುಗುತ್ತಿತ್ತು. ಅವನು ಕೈಯಲ್ಲಿ ಸೀಸೆ ಹಿಡಿದು, ಕೊಡಲೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ನಿವೃತ್ತಿಗೆ ಬಂದಿದ್ದ ದೊಡ್ಡ ಕೈಗಳ ದಾದಿಯೊಬ್ಬಳು ಸೀಸೆಯನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು, ಅವಳನ್ನು ಎಬ್ಬಿಸಿ ಕೂರಿಸಿ, "ಕೊಡದಲ್ಲಿ ತುಂಬಿಟ್ಟ ನೀರಲ್ಲಮ್ಮ ಇದು, ಖಾಲಿ ಆಯ್ತಾ ಅಂತ ಬಗ್ಗಿ ನೋಡೋಕೆ. ಒರತೆ. ಮಗು ಎಳೀತಾ ಇರ್ಲಿ, ತಾನೇ ಬರತ್ತೆ" ಎಂದಳು. ಮಾರನೆಯ ಬೆಳಿಗ್ಗೆ ಅವನು ಬಂದಾಗ ಹೆಂಡತಿಯ ಅಂಗಿಯ ಮುಂಭಾಗ ತೊಯ್ದು ತೊಪ್ಪೆಯಾಗಿತ್ತು. ಅವಳು ತಲೆ ಕೆದರಿಕೊಂಡು, ಕಣ್ಣು ಊದಿಸಿಕೊಂಡು, ಜಗತ್ತೇ ಗೆದ್ದವಳ ಹಾಗೆ ನಗುತ್ತಿದ್ದಳು. "ಒರತೆ" ಎಂದಳು ಮಗುವನ್ನು ತೋರಿಸಿ. "ಏನು ಚೆನ್ನಾಗಿದೆ!" ಎಂದುಬಿಟ್ಟಿದ್ದ ಅವನು. ಆ ಗಳಿಗೆಯಲ್ಲಿ ಅದು ಹೆಸರೆಂದು ಅನ್ನಿಸಿರಲೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಂತಿತ್ತು. ಆಸ್ಪತ್ರೆಯ ಗೇಟು ದಾಟಿ ಬೀದಿಗೆ ಇಳಿದು ಬಾಯಿಯೊಳಗೇ ಹೇಳಿಕೊಂಡಾಗ ಎದುರಿಗೆ ಬಂದವನೊಬ್ಬ ದಿಟ್ಟಿಸಿ ನೋಡಿದ. ಅಷ್ಟೇ, ಹೆದರಿಕೆ ಅಲ್ಲಿಂದ ಶುರುವಾಯಿತು.

ಈಗ ಅವನು ಎಕ್ಸ್‌ರೇ ಕೋಣೆಯ ಬಾಗಿಲಿಗೆ ಬಂದು ಮುಂದಿನ ಚೀಟಿ ಓದಿದ. ಎಲ್ಲರಿಗೂ ಇರುವ ಹೆಸರು. ಬೆಂಚಿನಿಂದ ಮೂವರು ಎದ್ದರು. ತಂದೆಯ ಹೆಸರು ಸೇರಿಸಿ ಓದಿದ ಮೇಲೆ ಇಬ್ಬರು ಪೆಚ್ಚುನಗೆ ನಕ್ಕು ಕೂತರು. ಮೊಣಕಾಲಿನ ಎಕ್ಸ್‌ರೇ ತೆಗೆದು ಕಳಿಸಿ ಇನ್ನೊಂದು ಚೀಟಿ ಎತ್ತಿಕೊಂಡ. ನಾಲಿಗೆಗೆ ಸಿಗದಂಥ ಹೆಸರು, ಎಲ್ಲಿ ಮುರಿಯಬೇಕೆಂದು ತಿಳಿಯದೆ ಅರೆಕ್ಷಣ ತಡವರಿಸಿದ. ಅಷ್ಟರಲ್ಲೇ ಮೂಲೆಯಿಂದ ಮುದುಕರೊಬ್ಬರು ಕೈಯೆತ್ತಿ "ನಾನೇ, ನಾನೇ" ಎನ್ನುತ್ತ ಎದ್ದು ಬಂದರು. ಇದನ್ನು ಅವನು ಎಷ್ಟೋ ಸಲ ಕಂಡಿದ್ದ. ಅಪರೂಪದ ಹೆಸರಿನವರು ತಮ್ಮ ಹೆಸರನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಓದುವವನು ತಡೆದು ನಿಂತನೆಂದರೆ ಅದು ತಾವೇ ಎಂದು ಅವರಿಗೆ ಗೊತ್ತಾಗುತ್ತದೆ. ಇವತ್ತಿನವರೆಗೆ ಅದು ಅವನಿಗೆ ಅನುಕೂಲವಾಗಿಯೇ ಕಂಡಿತ್ತು. ಈಗ ಮುದುಕರ ಮಣಿಕಟ್ಟನ್ನು ಹಲಗೆಯ ಮೇಲೆ ಸರಿಯಾಗಿ ಇಡುತ್ತಿರುವಾಗ, ತನ್ನ ಮಗಳು ಬೇರೆ ಯಾವುದೋ ಕಾರಿಡಾರಿನಲ್ಲಿ, ಬೇರೆ ಯಾರದೋ ತಡವರಿಕೆಗೆ ಹೀಗೆಯೇ ಅರ್ಧ ಎದ್ದು ನಿಲ್ಲುವುದು ಕಣ್ಣಿಗೆ ಕಟ್ಟಿತು. "ನಿಮ್ಮ ಹೆಸರಿಂದ ನಿಮಗೆ ತೊಂದ್ರೆ ಆಗಿದ್ಯಾ?" ಎಂದು ಕೇಳಿಯೇಬಿಟ್ಟ. ಮುದುಕರು ಅವನನ್ನೇ ನೋಡಿ, "ತೊಂದ್ರೆ ಕೈಯಿಂದ ಆಗಿದೆ ಸ್ವಾಮಿ, ಬಿದ್ದಿದ್ದು ಬಚ್ಚಲಲ್ಲಿ" ಎಂದರು.

ಅವನ ಹೆಸರಿನವರು ಶಾಲೆಯ ಒಂದೇ ತರಗತಿಯಲ್ಲಿ ಐವರಿದ್ದರು. ಹಾಜರಿ ಕೂಗುವಾಗ ಮೇಷ್ಟರು ಒಂದು, ಎರಡು ಎಂದು ಎಣಿಸುತ್ತಿದ್ದರು, ಇವನು ಮೂರು. ಮೂರಕ್ಕೆ ಒಂದು ಸುಖವಿತ್ತು. ಪ್ರಶ್ನೆ ಕೇಳಿದರೆ ಒಂದು ಅಥವಾ ಎರಡು ಉತ್ತರ ಹೇಳುತ್ತಿತ್ತು, ಬೈಗುಳ ನಾಲ್ಕಕ್ಕೋ ಐದಕ್ಕೋ ಬೀಳುತ್ತಿತ್ತು. ನಡುವೆ ತಣ್ಣಗೆ ಕೂತಿರಬಹುದಾಗಿತ್ತು. ಹಾಗೆ ಕೂತಿದ್ದವನು ಒಂದೇ ಒಂದು ಸಲ ಎಲ್ಲರ ಕಣ್ಣಿಗೆ ಬಿದ್ದಿದ್ದ. ಐದನೇ ತರಗತಿಗೆ ಹೊಸದಾಗಿ ಬಂದ ಹುಡುಗಿಯ ಹೆಸರು ಓದಲಾಗದೆ ಮೇಷ್ಟರು ಕನ್ನಡಕ ಏರಿಸಿ, "ಇದೇನಮ್ಮ ಇದು?" ಎಂದಾಗ ಹಿಂದಿನ ಬೆಂಚಿನಿಂದ ಇವನು, ಅದನ್ನೇ ತಿರುಚಿ, "ಜರಡಿ ಸಾರ್" ಎಂದಿದ್ದ. ಹೇಗೆ ಬಾಯಿಗೆ ಬಂತೋ. ತರಗತಿಯೆಲ್ಲ ಹೋ ಎಂದು ನಕ್ಕಿತು; ಮೇಷ್ಟರೂ ಪುಸ್ತಕ ಅಡ್ಡ ಹಿಡಿದು ನಕ್ಕರು. ನಲವತ್ತು ಮುಖಗಳು ತನ್ನ ಕಡೆ ತಿರುಗಿದ್ದವು, ಕಿವಿ ಬಿಸಿಯಾಗಿ ಮೈ ಹಗುರಾಗಿ ಎಂಥ ಸಂತೋಷವಾಗಿತ್ತು! ಅವಳು ಮಾತ್ರ ತಿರುಗಿರಲಿಲ್ಲ. ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದೆಯೇ ನೋಡುತ್ತಿದ್ದಳು. ಎರಡು ವರ್ಷ "ಜರಡಿ ಬಂತು, ಹಿಟ್ಟು ತನ್ನಿ" ಎಂದು ಹುಡುಗರು ಅವಳ ಹಿಂದೆ ಓಡಿದರು. ಆಮೇಲೆ ಅವಳು ಬೇರೆ ಶಾಲೆಗೆ ಹೋದಳು. ಅವಳ ನಿಜವಾದ ಹೆಸರೇನು? ಒಂದು ವಾರದಿಂದ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಮಗುವನ್ನು ತೂಗುವಾಗ, ಆ ಹೆಸರಿಗಾಗಿ ತಲೆಯೊಳಗೆ ತಡಕಾಡಿದ್ದ. ಅದೇ ಶಾಲೆಯಲ್ಲಿದ್ದ ಅಕ್ಕನಿಗೆ ಫೋನು ಮಾಡಿದರೆ ಅವಳೂ, "ಯಾರು, ಆ ಜರಡಿನಾ? ಹೆಸರು ಏನೋ ಇತ್ತಪ್ಪ" ಎಂದಿದ್ದಳು. ತಾನು ಇಟ್ಟದ್ದು ಉಳಿದಿತ್ತು, ಅವಳಪ್ಪ ಇಟ್ಟದ್ದು ಅಳಿಸಿಹೋಗಿತ್ತು.

ಆ ಹುಡುಗಿ ಈಗ ಎಲ್ಲಿದ್ದಾಳೆಂಬುದು ಅವನಿಗೆ ಗೊತ್ತಿತ್ತು. ಆಸ್ಪತ್ರೆಯ ಹಿಂದಿನ ಎರಡನೇ ಬೀದಿಯಲ್ಲಿ, ಬೀಗದ ಕೈ ಮಾಡುವವನ ಪಕ್ಕದಲ್ಲಿ, ಕನ್ನಡಕದ ಅಂಗಡಿ. ಮೂರು ವರ್ಷದ ಕೆಳಗೆ ಒಮ್ಮೆ ಗಾಜಿನಾಚೆಯಿಂದ ನೋಡಿ ಗುರುತು ಹಿಡಿದಿದ್ದ. ಅವತ್ತೇ ತಲೆಯೆತ್ತಿ ಬೋರ್ಡು ನೋಡಿದ್ದ: ಮನೆಗೊಬ್ಬರಿಗೆ ಇರುವಂಥ ಹೆಣ್ಣುಹೆಸರು, ಅದರ ಮುಂದೆ ಕನ್ನಡಕದಂಗಡಿ ಎಂದು. ಅಂದರೆ ಅವಳು ಹೆಸರು ಬದಲಾಯಿಸಿಕೊಂಡಿದ್ದಾಳೆ. ಅಂದರೆ ತನ್ನಿಂದ. ಆಮೇಲೆ ತನ್ನ ಕನ್ನಡಕದ ತಿರುಪು ಸಡಿಲವಾದಾಗಲೂ ಅವನು ಊರಿನ ಇನ್ನೊಂದು ತುದಿಯ ಅಂಗಡಿಗೆ ಹೋಗುತ್ತಿದ್ದ. ಇವತ್ತು ಊಟದ ಹೊತ್ತಿಗೆ ಡಬ್ಬಿಯನ್ನು ತೆರೆಯದೆ ಎದ್ದು, ಕಿರಣ ತಡೆಯುವ ಸೀಸದ ಏಪ್ರನ್ನನ್ನು ಗೂಟಕ್ಕೆ ನೇತುಹಾಕಿ, ಆ ಬೀದಿಗೆ ನಡೆದ. ಭುಜದ ಮೇಲಿನ ಭಾರ ಇಳಿದಿದ್ದರೂ ಹೊತ್ತುಕೊಂಡೇ ಹೋಗುತ್ತಿರುವಂತೆ ಅನ್ನಿಸುತ್ತಿತ್ತು.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಕಿವಿಯ ಮೇಲೆ ನರೆ ಇಣುಕಿತ್ತು. ಸಣ್ಣ ಬಟ್ಟೆಯಿಂದ ಗಾಜು ಒರೆಸುತ್ತ, ತಲೆಯೆತ್ತದೆಯೇ, "ಹೇಳಿ" ಎಂದಳು. ಅವನು ತನ್ನ ಕನ್ನಡಕ ತೆಗೆದು ಕೊಟ್ಟು "ತಿರುಪು ಸಡಿಲ ಆಗಿದೆ" ಎಂದ. ಸಡಿಲವಾಗಿರಲಿಲ್ಲ. ಅವಳು ಎರಡು ಸಲ ತಿರುಗಿಸಿ ನೋಡಿ, "ಗಟ್ಟಿಯಾಗೇ ಇದೆಯಲ್ಲ" ಎಂದು ಅವನ ಮುಖ ನೋಡಿದಳು. ಕನ್ನಡಕವಿಲ್ಲದೆ ಅವಳ ಮುಖ ಅವನಿಗೆ ಮಬ್ಬಾಗಿ ಕಾಣುತ್ತಿತ್ತು. ಅದರಿಂದಲೇ ಇರಬೇಕು, ಮಾತು ಬಂತು. "ನಾನು ನಿಮ್ಮ ಜೊತೆ ಐದನೇ ಕ್ಲಾಸಲ್ಲಿ ಇದ್ದೆ. ಮೂರನೇ ನಂಬರು. ಆ ಒಂದೇ ಹೆಸರಿನವರು ಐದು ಜನ..."

"ಅಯ್ಯೋ, ಮೂರು! ನೀನು ಈ ಆಸ್ಪತ್ರೇಲಿ ಎಕ್ಸ್‌ರೇ ತೆಗೀತೀಯ ಅಂತ ನಮ್ಮ ಕ್ಲಾಸಿನವ್ರು ಒಬ್ರು ಹೇಳಿದ್ರು. ಇಷ್ಟು ಹತ್ರ ಇದ್ಕೊಂಡು ಒಂದು ದಿನ ಬರ್ಲಿಲ್ಲ ನೀನು. ಕೂತ್ಕೋ."

"ನಿಮಗೆ ಜರಡಿ ಅಂತ ಹೆಸರಿಟ್ಟಿದ್ದು ನಾನು."

ಅವಳು ಬಟ್ಟೆ ಕೆಳಗಿಟ್ಟಳು. "ನೀನಾ? ನಾನು ಇಷ್ಟು ವರ್ಷ ಆ ಒಂದನೇ ನಂಬರಿನವನು ಅಂದ್ಕೊಂಡಿದ್ದೆ. ಅವನ ಮದುವೆಗೆ ಕರೆದ್ರೂ ಹೋಗ್ಲಿಲ್ಲ ನಾನು. ಪಾಪ!" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಇಪ್ಪತ್ತೇಳು ವರ್ಷ ಹೊತ್ತುಕೊಂಡಿದ್ದ ತಪ್ಪು ಇನ್ನೊಬ್ಬನ ಲೆಕ್ಕದಲ್ಲಿತ್ತು! ಅಲ್ಲೂ ತಾನು ಮೂರನೆಯವನೇ. ಒಳಗೆಲ್ಲೋ ಒಂದು ಸಣ್ಣ ಬೇಸರವೂ ಆಯಿತು; ಹಾಗೆ ಆಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

"ಅದ್ಕೇ ಅಲ್ವಾ ನೀವು ಹೆಸರು ಬದಲಾಯಿಸ್ಕೊಂಡಿದ್ದು?" ಎಂದು ಕಷ್ಟಪಟ್ಟು ಕೇಳಿದ.

"ಯಾರು ಬದಲಾಯಿಸ್ಕೊಂಡಿದ್ದು?"

"ಬೋರ್ಡಲ್ಲಿ..."

"ಅದು ಮುಂಚೆ ಅಂಗಡಿ ಇಟ್ಟಿದ್ದವರ ಮಗಳ ಹೆಸರು ಕಣೋ. ತೆಗೆಸೋಕೆ ಸೋಮಾರಿತನ. ಜನ ಬಂದು ಆ ಹೆಸರಿಂದ ಕರೀತಾರೆ, ನಾನೂ ಹೂಂ ಅಂತೀನಿ. ನನ್ನ ಹೆಸರು ನನ್ನ ಹತ್ರಾನೇ ಇದೆ." ಅಷ್ಟು ಹೇಳಿ ಕಣ್ಣು ಕಿರಿದು ಮಾಡಿ ನೋಡಿದಳು. "ಏನು ಹೇಳು ನೋಡೋಣ?"

ಅವನು ತಲೆ ತಗ್ಗಿಸಿದ. "ನೆನಪಾಗ್ತಾ ಇಲ್ಲ. ಒಂದು ವಾರದಿಂದ..."

"ಹಾಗಾದ್ರೆ ನಾನೂ ಹೇಳಲ್ಲ ಹೋಗು" ಎಂದು ಅವಳು ಅವನ ಕನ್ನಡಕವನ್ನು ಒರೆಸತೊಡಗಿದಳು. ಸಿಟ್ಟಾಗಿದ್ದಾಳೋ ತಮಾಷೆಗೋ ಎಂದು ಗೊತ್ತಾಗಲಿಲ್ಲ. ಆಮೇಲೆ ಅವನು ಅರ್ಜಿಯ ವಿಷಯ, ಮಗುವಿನ ವಿಷಯ, ಎಲ್ಲವನ್ನೂ ಅಡಿಮೇಲಾಗಿ ಹೇಳಿದ. ಒರತೆ ಎಂದಾಗ ಅವಳ ಕೈ ನಿಂತಿತು.

"ಕೊರತೆ ಅಂತಾರೆ" ಎಂದಳು.

"ಅಮ್ಮಾನೂ ಅದನ್ನೇ ಹೇಳೋದು."

"ಅಂತಾರೆ ಅಂದ್ರೆ ಅಂದೇ ಅಂತಾರೆ. ಮೊದಲನೇ ದಿನವೇ. ನಿನ್ನಂಥವನು ಒಬ್ಬ ಪ್ರತಿ ಕ್ಲಾಸಲ್ಲೂ ಇರ್ತಾನಲ್ಲ."

"ನಿಮಗೆ ಕಷ್ಟ ಆಗಿತ್ತಾ?"

"ಆಗಿತ್ತು. ಸುಳ್ಳು ಯಾಕೆ ಹೇಳ್ಲಿ. ಎರಡು ವರ್ಷ ದಿನಾ ಹೊಟ್ಟೆನೋವು ಅಂತ ಮಲಗ್ತಿದ್ದೆ. ಆಮೇಲೆ ಬೇರೆ ಸ್ಕೂಲಲ್ಲಿ ಯಾರೂ ಏನೂ ಅನ್ಲಿಲ್ಲ, ಅಲ್ಲಿ ಒಬ್ಬನಿಗೆ ಆರು ಬೆರಳಿತ್ತು, ಎಲ್ರೂ ಅವನ ಹಿಂದೆ ಬಿದ್ದಿದ್ರು." ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದಳು. "ನಂಗೆ ಸಿಟ್ಟು ಇದ್ದಿದ್ದು ನಿಮ್ಮ ಮೇಲಲ್ಲ, ನಮ್ಮಪ್ಪನ ಮೇಲೆ. ಯಾಕಪ್ಪ ಇಂಥ ಹೆಸರಿಟ್ಟೆ ಅಂದ್ರೆ, 'ಎಲ್ಲೋ ಓದಿದ್ದೆ, ಚೆನ್ನಾಗಿತ್ತು' ಅಂತಿದ್ರು. ಅಷ್ಟೇನಾ? ಅಷ್ಟಕ್ಕೆ ನಾನು ಹೊಡೆತ ತಿನ್ಬೇಕಾ ಅನ್ನಿಸ್ತಿತ್ತು. ನೀನು ಯಾಕೆ ಇಡ್ತಿದ್ದೀಯ ಇದನ್ನ?"

ಅವನು ದಾದಿಯ ಮಾತನ್ನು ಹೇಳಿದ. ಗೋಡೆಯ ಕಡೆ ತಿರುಗಿದ್ದ ಹೆಂಡತಿಯನ್ನು, ಕೈಯಲ್ಲಿ ಹಿಡಿದು ನಿಂತಿದ್ದ ಸೀಸೆಯನ್ನು, ಬೆಳಿಗ್ಗೆಯ ತೊಯ್ದ ಅಂಗಿಯನ್ನು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ. ಗಂಡಸರು ಹೇಳುವ ಮಾತಲ್ಲ ಎಂದುಕೊಂಡಿದ್ದ. ಅವಳು ಎದ್ದು ಬಂದು ಕನ್ನಡಕವನ್ನು ತಾನೇ ಅವನ ಮೂಗಿನ ಮೇಲಿಟ್ಟು, ಎರಡೂ ಕಡ್ಡಿಗಳನ್ನು ಕಿವಿಯ ಹಿಂದೆ ಸರಿಮಾಡಿ, ಹಿಂದೆ ಸರಿದು ಓರೆಯಾಗಿದೆಯೇ ಎಂದು ನೋಡಿದಳು. "ಇದನ್ನ ನಿನ್ನ ಮಗಳಿಗೆ ಹೇಳು," ಎಂದಳು. "ಹೊಟ್ಟೆನೋವು ಅಂತ ಮಲಗ್ತಾಳಲ್ಲ, ಅವತ್ತು ಹೇಳು. ಆಮೇಲೂ ಬೇಡ ಅಂದ್ರೆ ದೊಡ್ಡವಳಾಗಿ ಬದಲಾಯಿಸ್ಕೊಳ್ಳಲಿ, ಅದೇನು ಬ್ರಹ್ಮವಿದ್ಯೆನಾ?" ಅವನು ಹೊರಟು ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗಿದಳು: "ಲೋ ಮೂರು, ನನ್ನ ಹೆಸರು ನೆನಪಾದ ದಿನ ಬಾ. ಅಲ್ಲೀವರೆಗೆ ನಿನಗೆ ಇಲ್ಲಿ ತಿರುಪು ಹಾಕಲ್ಲ."

ಉಳಿದ ಚೀಟಿಗಳನ್ನೆಲ್ಲ ಮುಗಿಸಿ ನೋಂದಣಿ ಕಚೇರಿಗೆ ಬಂದಾಗ ನಾಲ್ಕೂವರೆಯಾಗಿತ್ತು. ಗೋಡೆಯ ಉದ್ದಕ್ಕೂ ಸಾಲು. ಅದರಲ್ಲಿ ನಿಂತೇ, ಮುಂದಿನವನ ಬೆನ್ನಿಗೆ ತಾಗದಂತೆ ಎಡಗೈಯ ಮೇಲೆ ಅರ್ಜಿ ಹರಡಿಕೊಂಡು, ಮೂರಕ್ಷರ ಬರೆದ. ಅಮ್ಮ ಆರಿಸಿದ್ದೂ ಮೂರೇ ಅಕ್ಷರ, ಈ ಗೆರೆಗೆ ಅದೂ ಅಷ್ಟೇ ಚೆನ್ನಾಗಿ ಹಿಡಿಸುತ್ತಿತ್ತು ಎಂಬ ಯೋಚನೆ ಬಂತು. ಬಂದು ಹಾಗೆಯೇ ಹೋಯಿತು. ಹೆದರಿಕೆ ಹೋಗಿರಲಿಲ್ಲ, ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತು ಅದಕ್ಕೆ ಜಾಗ ಕಿರಿದಾಗಿತ್ತು. ಕಿಟಕಿಯಲ್ಲಿದ್ದ ಗುಮಾಸ್ತನಿಗೆ ಶೀತವಾಗಿತ್ತು. ಮೂಗು ಒರೆಸಿಕೊಂಡು ಅರ್ಜಿಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಕಟ್ಟಿದ ಮೂಗಿನಲ್ಲೇ, "ಏದು, ಕೊರತೆನಾ?" ಎಂದ. ಮೊದಲನೇ ದಿನವೇ ಎಂದಿದ್ದಳು ಅವಳು. ಮೊದಲನೇ ನಿಮಿಷಕ್ಕೇ ಬಂದಿತ್ತು. ಅವನಿಗೆ ನಗು ಬಂತು.

"ಒರತೆ" ಎಂದ.

"ಕೇಳಿಸ್ಲಿಲ್ಲ, ಜೋರಾಗಿ ಹೇಳಿ."

"ಒರತೆ!" ಎಂದ. ಕಾರಿಡಾರಿನಲ್ಲಿ ಹೆಸರು ಕೂಗಿ ಪಳಗಿದ ಗಂಟಲು. ಹಳೆಯ ಕಟ್ಟಡದ ಸೂರಿನವರೆಗೂ ಹೋಗಿ ಬಂತು. "ನೀರಿನ ಒರತೆ. ಒ ಹ್ರಸ್ವ." ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಕಾದ. ಕಿವಿ ಬಿಸಿಯಾಯಿತು. ಹಿಂದೆ ನಿಂತಿದ್ದವನು ಅವನ ಭುಜ ಮುಟ್ಟಿ, "ನಿಮ್ದು ಆಯ್ತಾ? ನಂದು ಬರೀ ಒಂದು ಸಹಿ ಇದೆ" ಎಂದ. ಗುಮಾಸ್ತ ಒಂದೊಂದೇ ಬೆರಳಲ್ಲಿ ಕೀಲಿ ಒತ್ತಿ, ಮುದ್ರೆ ಹೊಡೆದು, ರಸೀದಿ ಹರಿದು ಕೊಟ್ಟು ದೊಡ್ಡದಾಗಿ ಸೀನಿದ. ಅಷ್ಟೇ ನಡೆದದ್ದು. ಹೊರಗೆ ಬಂದಾಗ ಬೀದಿ ಎಂದಿನಂತೆ ಗಜಿಬಿಜಿಯಾಗಿತ್ತು, ಬಿಸಿಲು ಇನ್ನೂ ಇತ್ತು, ಮಧ್ಯಾಹ್ನ ಊಟ ಮಾಡಿಲ್ಲವೆಂಬುದು ಆಗ ನೆನಪಾಗಿ ಹೊಟ್ಟೆ ಚುರುಗುಟ್ಟಿತು.

ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಅವನ ಮುಖ ನೋಡಿ ಕೈ ಚಾಚಿದಳು. ಅವನು ರಸೀದಿಯನ್ನು ಅವಳ ಕೈಗೆ ಕೊಟ್ಟ. ಅವಳು ಓದಿದಳು. ಒಂದು ಸಲ ಓದಿ, ತಪ್ಪಿದೆಯೇ ಎಂದು ಉತ್ತರಪತ್ರಿಕೆ ನೋಡುವವಳ ಹಾಗೆ ಅಕ್ಷರದ ಕೆಳಗೆ ಬೆರಳು ಆಡಿಸಿ ಇನ್ನೊಂದು ಸಲ ಓದಿ, ಅದನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಅಂಗೈ ಮುಚ್ಚಿದಳು. "ಊಟ ಮಾಡಿದ್ಯಾ?" ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. "ಡಬ್ಬೀಲೇ ಇದ್ಯಾ ಎಲ್ಲಾ? ದೇವ್ರೇ!" ಎಂದು ನಕ್ಕಳು. ಆ ನಗುವಿನಲ್ಲಿ ಅವಳ ಕಣ್ಣು ತುಂಬಿಕೊಂಡಿತ್ತು.

"ಏನು ಬರೆದ್ಯೋ?" ಎಂದು ಅಮ್ಮ ಕೇಳಿದಳು. ಕಿಟಕಿಯ ಕೆಳಗೆ ಕಾಲು ನೀಡಿ, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಅದರ ಅಂಗಿಯ ಗುಂಡಿ ಬಿಚ್ಚುತ್ತಿದ್ದಳು. ಅವನು ಹೇಳಿದ. ಅಮ್ಮ ಬಾಯಿ ಬಿಗಿದುಕೊಂಡು ಗುಂಡಿ ಬಿಚ್ಚುತ್ತಲೇ ಇದ್ದಳು. ಅವನು ಒಂದು ವಾರದ ಮೌನಕ್ಕೆ ಮನಸ್ಸನ್ನು ಅಣಿಗೊಳಿಸಿಕೊಂಡ. ಅಷ್ಟರಲ್ಲಿ ಅವಳು ಒಮ್ಮೆಲೇ ಎರಡೂ ಕೈ ಮೇಲೆತ್ತಿ, "ಅಯ್ಯಯ್ಯೋ, ಅಯ್ಯೋ, ನನ್ನ ಸೀರೆ!" ಎಂದು ಕೂಗಿಕೊಂಡಳು. ಮಗು ಕಾಲು ಅಗಲಿಸಿಕೊಂಡು, ಸೂರನ್ನೇ ನೋಡುತ್ತ, ಯಾವ ಅವಸರವೂ ಇಲ್ಲದೆ ಅಜ್ಜಿಯ ಮಡಿಲನ್ನು ತೊಯ್ಯಿಸುತ್ತಿತ್ತು. "ಈಗಷ್ಟೇ ಬದಲಾಯಿಸಿದ್ದೆ ಕಣೇ, ನಿಲ್ಲೋದೇ ಇಲ್ವಲ್ಲ ನಿಂದು! ಸಾಕು ಮಾಡೇ ಒರತೆ, ಸಾಕು ಮಾಡು!" ಎಂದಳು. ಹೆಂಡತಿಯೂ ಅವನೂ ಒಬ್ಬರನ್ನೊಬ್ಬರು ನೋಡಿದರು. ತಾನು ಏನೆಂದು ಕರೆದೆನೆಂಬುದು ಅಮ್ಮನಿಗೇ ಗೊತ್ತಾಗಿರಲಿಲ್ಲ. "ಏನು ನೋಡ್ತಾ ನಿಂತಿದ್ದೀಯೋ ಮರದ ಹಾಗೆ? ಹೋಗು, ನಿನ್ನ ಮಗಳಿಗೆ ಒಂದು ಒಣಗಿದ ಬಟ್ಟೆ ತಗೊಂಡು ಬಾ" ಎಂದು ಗದರಿದಳು. ಅವನು ಬಟ್ಟೆ ತರಲು ಒಳಗೆ ಹೋದ.